ನುಂಗದೆ ಉಳಿದ ಮೂರು ಮಾತ್ರೆ

"ಬಾಗಕ್ಕ, ಚೂರ್ ಬೆಳ್ಕಿಗ್ ಬನಿ. ನಿಮ್ ಮೂಗ್ ಕಾಣ್ಕ್."

"ನನ್ ಮೂಗ್ ಕಂಡ್ ಎಂತ ಮಾಡ್ತ್ರಿ ಮೇಡಂ? ಗಂಡ್ ಹುಡ್ಕ್‌ತ್ರ್ಯಾ?"

ನಗಿಸಬೇಕೆಂದು ಆಡಿದ ಮಾತಲ್ಲ, ಅಭ್ಯಾಸ. ಇಡೀ ಆಯುಷ್ಯ ಮೀನು ಮಾರಿದ ಬಾಯಿ ಗೆಳತಿಯ ಸಾವಿನ ಮನೆಯ ಜಗಲಿಯಲ್ಲಿ ಕೂತರೂ ಗಿರಾಕಿಗೆ ಕೊಡುವ ಉತ್ತರವನ್ನೇ ಕೊಡುತ್ತದೆ. ಬಾಗಿ ಕಂಬ ಹಿಡಿದು ಎದ್ದಳು. ಬಲಗಾಲು ಮೊದಲು ಬಂತು. ಎಡಗಾಲನ್ನು ಹಿಂದಿನಿಂದ ಎಳೆದು ತಂದಳು, ಒಲ್ಲದ ಮಗುವನ್ನು ಶಾಲೆಗೆ ಎಳೆದು ತರುವ ಹಾಗೆ. ಮೊಣಕಾಲಿನಿಂದ ಕೆಳಗೆ ಅದು ಬಾಳೆಯ ಬುಡದಷ್ಟು ದಪ್ಪವಿತ್ತು.

ಸಬ್ ಇನ್‌ಸ್ಪೆಕ್ಟರ್ ಶರ್ಮಿಳಾ ಅವಳ ಗಲ್ಲ ಹಿಡಿದು ಪಡುವಣ ಬಿಸಿಲಿಗೆ ತಿರುಗಿಸಿದಳು. ಮೂಗಿನ ತುದಿಯಲ್ಲಿ, ಕೆನ್ನೆಯ ಏರಿನಲ್ಲಿ, ಮುಂಗೈಯಲ್ಲಿ ಚರ್ಮ ಬೆಳ್ಳುಳ್ಳಿ ಸಿಪ್ಪೆಯಂತೆ ಏಳುತ್ತಿತ್ತು. ಅಡಿಯಲ್ಲಿ ಎಳೆ ಕೆಂಪು.

"ಇದ್ ಯಾವಾಗ್ಲಿಂದ?"

"ಮಾತ್ರಿ ಶುರು ಮಾಡಿದ್ ಮೇಲೆ. ಬಿಸ್ಲಿಗ್ ಹೋಪುಕಾಗ ಅಂದ್ರ್ ಡಾಕ್ಟ್ರ್. ಎಂತ, ಮೀನ್ ನಾನ್ ಒಳ್ಗ್ ಕೂಕಂಡ್ ಮಾರುದಾ? ಗಿರಾಕಿ ನಮ್ ಅಡ್ಗಿ ಮನಿಗ್ ಬತ್ರಾ?"

"ಮಾತ್ರೆ ತಿಂಬವ್ರಿಗೆಲ್ಲ ಹೀಂಗ್ ಆಯ್ತಾ?"

"ಎಲ್ಲರಿಗೂ. ನಾವ್ ಸಾಲಾಗಿ ಕೂಕಂಡ್ರೆ ಸುಟ್ಟ ಬಂಗ್ಡಿ ಮೀನ್ ಸಾಲಿಟ್ಟಂಗ್ ಕಾಂತ್ ಅಂಬ್ರ್ ಪ್ಯಾಟಿಯಗೆ."

"ಗುಲಾಬಿಗೆ?"

ಬಾಗಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಸಮುದ್ರದ ಕಡೆಯಿಂದ ಗಾಳಿ ಬಂದು ಹಗ್ಗದ ಮೇಲಿನ ಬಟ್ಟೆಗಳನ್ನು ಎತ್ತಿ ಇಳಿಸಿತು.

"ಅದ್ ಕಪ್ಪಲ್ದಾ ಮೇಡಂ. ಕಪ್ಪ್ ಚರ್ಮದಗೆ ಎಂತ ಕಾಂತ್."

ಗುಲಾಬಿಯನ್ನು ಶರ್ಮಿಳಾ ಆಸ್ಪತ್ರೆಯ ಶವಾಗಾರದ ಕಲ್ಲಿನ ಮೇಲೆ ನೋಡಿದ್ದಳು. ಕಪ್ಪು ಹೌದು. ಆದರೆ ಎಣ್ಣೆ ಉಜ್ಜಿದ ಹಳೆಯ ಮರದಂಥ ಕಪ್ಪು, ಹಣೆಯಿಂದ ಉಗುರಿನ ತನಕ ಒಂದೇ ಸಮ. ಬಿಸಿಲಲ್ಲೇ ಕೂತು ಮೀನು ಮಾರಿದ ಹೆಂಗಸು, ಎಲ್ಲೂ ಒಂದು ಸಿಪ್ಪೆ ಎದ್ದಿರಲಿಲ್ಲ.

ಕೋಡಿಯ ಗುಲಾಬಿ ಸತ್ತು ನಿನ್ನೆಗೆ ಬೊಜ್ಜದ ಉತ್ತರಕ್ರಿಯೆಯೂ ಮುಗಿದಿತ್ತು. ಬ್ರಹ್ಮಾವರದ ಪ್ರಯೋಗಾಲಯದವರು ಆನೆಕಾಲಿಗೆ ಕೊಟ್ಟ ಹೊಸ ಔಷಧಿ ತಿಂದು ಸತ್ತಳು ಎಂದು ಊರು ಹೇಳುತ್ತಿತ್ತು. ಠಾಣೆ ಅದರ ತಿರುಗುಮುರುಗು ಹೇಳುತ್ತಿತ್ತು: ಅವಳ ರಕ್ತದಲ್ಲಿ ಮಾತ್ರೆಯ ಸುಳಿವೇ ಇಲ್ಲ, ಕಾಲಿನ ಬಿರುಕಿನಿಂದ ಸೋಂಕು ಏರಿ ಸತ್ತಿದ್ದಾಳೆ, ಅಂದಮೇಲೆ ಮಾತ್ರೆಯೊಳಗೆ ಇದ್ದದ್ದು ಬರೀ ಹಿಟ್ಟು. ಹಿಟ್ಟು ತುಂಬಿಸಿ ನಿಜವಾದ ಔಷಧಿ ಹೊರಗೆ ಮಾರಿದವನು ವಾರ ವಾರ ಮನೆಗೆ ಮಾತ್ರೆ ತಂದುಕೊಡುತ್ತಿದ್ದ ಕಂಪೌಂಡರ್ ರತೀಶ್. ಅವನು ಈಗ ಲಾಕಪ್ಪಿನಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ. ನಾಳೆ ಕೋರ್ಟಿಗೆ ಹಾಜರು. ಅವನ ಹೆಂಡತಿ ಬೆಳಿಗ್ಗೆಯಿಂದ ಠಾಣೆಯ ಮೆಟ್ಟಿಲ ಮೇಲೆ, ಮಡಿಲಲ್ಲಿ ಟಿಫಿನ್ ಡಬ್ಬಿ ಇಟ್ಟುಕೊಂಡು, ಯಾರಾದರೂ ಅದನ್ನು ಒಳಗೆ ಒಯ್ಯಲಿ ಎಂದು ಕಾಯುತ್ತಿದ್ದಳು.

ಸರಳ ಕತೆ. ಮೇಲಿನವರಿಗೆ ಸರಳ ಕತೆಗಳು ಇಷ್ಟ.

ಆದರೆ ಶರ್ಮಿಳಾಳ ಕಿಸೆಯಲ್ಲಿ ಒಂದು ಲಕೋಟೆ ಇತ್ತು. ಇವತ್ತು ಬೆಳಿಗ್ಗೆ ಆಸ್ಪತ್ರೆಯಿಂದ ಗುಲಾಬಿಯ ಬಟ್ಟೆಯ ಗಂಟು ತರಿಸಿ ಬಿಚ್ಚಿದಾಗ, ನೀಲಿ ಸೀರೆಯ ಸೆರಗಿನ ತುದಿಯಲ್ಲಿ ಒಂದು ಬಿಗಿ ಗಂಟು ಸಿಕ್ಕಿತ್ತು. ಅದರೊಳಗೆ ಮೂರು ಮಾತ್ರೆ, ಪುಡಿ ತುಂಬುವ ಕ್ಯಾಪ್ಸೂಲಿನವು. ಒಂದಕ್ಕೊಂದು ಅಂಟಿ, ಒದ್ದೆಯಾಗಿ ಒಣಗಿ ಸೊಟ್ಟಗಾದವು. ಬಿಳಿಯ ಮೈಗೆ ಎಲೆ ಅಡಿಕೆಯ ಕೆಂಪು ಹತ್ತಿತ್ತು. ಒಂದರ ಬಾಯಿ ಉಗುರಿನಿಂದ ಬಿಡಿಸಿದಾಗ ಹಳದಿ ಪುಡಿ ಉದುರಿತು.

ಹಿಟ್ಟು ಹಳದಿ ಇರುವುದಿಲ್ಲ.

ಅಂದರೆ ಮಾತ್ರೆ ನಿಜ. ರತೀಶ್ ಕಳ್ಳನಲ್ಲ. ಗುಲಾಬಿ ಮಾತ್ರೆ ತಿನ್ನುತ್ತಿರಲಿಲ್ಲ, ಅಷ್ಟೆ. ತಿನ್ನದ ಮಾತ್ರೆ ಎಲ್ಲಿಗೆ ಹೋಗುತ್ತಿತ್ತು? ಮತ್ತು ಬಾಯಿಗೆ ಹಾಕಿ ನುಂಗದೆ ಹೊರಗೆ ತೆಗೆದ ಈ ಮೂರು ಯಾವ ಲೆಕ್ಕದವು?

"ನೀವ್ ಎಲಿ ತಿಂಬುದ್ ಬಿಟ್ಟಿರ್ಯಾ ಬಾಗಕ್ಕ?"

"ಬಿಟ್ಟೆ ಮಾರಾಯ್ರೆ. ಸುಣ್ಣ ಹೊಟ್ಟಿಗ್ ಹೋರೆ ಮಾತ್ರಿ ಹತ್ತುದಿಲ್ಲೆ ಅಂದ್ರಲೆ ಡಾಕ್ಟ್ರ್. ಹಾಲ್ ಬೇಡ, ಎಲಿ ಬೇಡ, ಬಿಸ್ಲ್ ಬೇಡ. ಇನ್ನ್ ಉಸ್ರ್ ಬೇಡ ಅಂತ್ರೋ ಅಂತ ಕಾಯ್ತಾ ಇದ್ದೆ." ಅವಳು ಬಾಯಿ ಅಗಲ ತೆರೆದಳು. "ಕಾಣಿ, ಇದೂ ಪರೀಕ್ಷೆ ಮಾಡಿ."

ಹಳೆಯ ಕಲೆ ಹಿಡಿದ ಹಲ್ಲು. ಅದರಿಂದ ಏನೂ ತಿಳಿಯುವಂತಿರಲಿಲ್ಲ.

"ಗುಲಾಬಿ ಬಿಟ್ಟಿತ್ತಾ?"

"ಅದ್ ಪ್ರಾಣ ಬಿಟ್ಟ್ ಹೋಯ್ತ್ ಮೇಡಂ," ಎಂದಳು ಬಾಗಿ. ಮೊದಲ ಬಾರಿಗೆ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. "ಇನ್ನ್ ಎಲಿ ಬಿಟ್ರೆ ಎಷ್ಟ್, ತಿಂದ್ರೆ ಎಷ್ಟ್."

ಶರ್ಮಿಳಾ ಬಾಗಿಲ ಕಡೆ ನೋಡಿದಳು. ದಾರಂದದ ಮೇಲೆ, ಎದೆಯ ಎತ್ತರದಲ್ಲಿ, ಬೆರಳಿನಗಲದ ಬಿಳಿ ಗೆರೆಗಳು, ಒಂದರ ಮೇಲೊಂದು, ನೂರಾರು. ಎಲೆಗೆ ಸುಣ್ಣ ಹಚ್ಚಿ ಉಳಿದದ್ದನ್ನು ಒರೆಸಿದ ಗುರುತು. ಗುಲಾಬಿ ಹೊರಗೆ ಹೋಗುವಾಗಲೂ ಒಳಗೆ ಬರುವಾಗಲೂ ಇಲ್ಲೇ ಬೆರಳು ಒರೆಸುತ್ತಿದ್ದಳು. ಈಗ ಎಲ್ಲ ಒಣಗಿ, ಬಿರುಕು ಬಿಟ್ಟು, ಪದರು ಪದರಾಗಿ ಉದುರುತ್ತಿತ್ತು. ಒಬ್ಬ ಹೆಂಗಸಿನ ಇಡೀ ಸಂಸಾರ ಅಷ್ಟು ಜಾಗದಲ್ಲಿತ್ತು.

ಪಾಪ, ಬಿಡಲಾಗಲಿಲ್ಲ ಅವಳಿಗೆ, ಎಂದುಕೊಂಡಳು ಶರ್ಮಿಳಾ. ಲಕೋಟೆಯ ಕೆಂಪು ಕಲೆಗೆ ಅವಳು ಕೊಟ್ಟುಕೊಂಡ ಅರ್ಥ ಅದು. ಆ ಹೊತ್ತಿಗೆ ಅದು ಸಾಕಾಗಿತ್ತು.

*

ಪೂಜಿತಾ ಗೇರುಬೀಜದ ಕಾರ್ಖಾನೆಯಿಂದ ಬಂದದ್ದು ಬಿಸಿಲು ಇಳಿಯುವ ಹೊತ್ತಿಗೆ. ಗುಲಾಬಿಯ ಒಬ್ಬಳೇ ಮಗಳು. ರಜೆ ಮುಗಿದು ಇವತ್ತೇ ಕೆಲಸಕ್ಕೆ ಹೋಗಿದ್ದಳು. ಬೆರಳ ತುದಿಗಳು ಬೀಜದ ಎಣ್ಣೆ ಹತ್ತಿ ಕಪ್ಪಾಗಿದ್ದವು. ಪೊಲೀಸರನ್ನು ನೋಡಿ ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಮೆಟ್ಟಿಲ ಬಳಿ ನಿಂತು ಚಪ್ಪಲಿ ಬಿಟ್ಟಳು.

ಶರ್ಮಿಳಾ ಪಾದ ನೋಡಿದಳು.

ಪಾದದ ಮೇಲೆಲ್ಲ ಸುಟ್ಟು, ಸಿಪ್ಪೆ ಎದ್ದು, ಕಪ್ಪಾಗಿ ಒಣಗಿದ ಚರ್ಮ. ಅದರ ನಡುವೆ ಚಪ್ಪಲಿಯ ಪಟ್ಟಿ ಕೂರುವ ಕಡೆ ಮಾತ್ರ ಹಳೆಯ ಬಣ್ಣ ಉಳಿದಿತ್ತು. ಎರಡೂ ಪಾದದ ಮೇಲೆ, ಹೆಬ್ಬೆರಳ ಸಂದಿಯಿಂದ ಕವಲಾಗಿ ಹೋಗುವ ಬಿಳಿಚಿದ ಗುರುತು. ಬೀಜದ ಎಣ್ಣೆ ಬೆರಳು ಸುಡುತ್ತದೆ. ಪಾದವನ್ನಲ್ಲ. ಮಾಡಿನ ಕೆಳಗೆ ಕೂತು ಬೀಜ ಒಡೆಯುವವಳಿಗೆ, ಕಾರ್ಖಾನೆಗೆ ನಡೆದು ಹೋಗಿ ಬರುವ ದಾರಿಯ ಬಿಸಿಲು ಇಷ್ಟು ಮಾಡಿದ್ದರೆ, ಅವಳ ಹೊಟ್ಟೆಯಲ್ಲಿ ಆ ಮಾತ್ರೆ ಇದ್ದಿರಲೇಬೇಕು.

ಇನ್ನೊಂದು. ಎಡಗಾಲಿನ ಗುರುತು ಬರೀ ಬಣ್ಣದ್ದಾಗಿರಲಿಲ್ಲ. ಪಟ್ಟಿ ಅಲ್ಲಿ ಮಾಂಸದೊಳಗೆ ಇಳಿದಿತ್ತು.

ಶರ್ಮಿಳಾ ಬಗ್ಗಿ ಚಪ್ಪಲಿ ಎತ್ತಿ ಮಗುಚಿದಳು. ಒಂದೇ ಬಣ್ಣ, ಒಂದೇ ಜಾತಿ. ಬಲದ ಚಪ್ಪಲಿಯ ಅಡಿಯಲ್ಲಿ ಆರು. ಎಡದ ಅಡಿಯಲ್ಲಿ ಏಳು. ಎರಡು ಅಳತೆಯ ಎರಡು ಜೊತೆ ಕೊಂಡು ಬೆರೆಸಿದ್ದು.

"ಇದ್ ಯಾರ್ ತಂದದ್?"

"ಅಮ್ಮ," ಎಂದಳು ಪೂಜಿತಾ. "ಅಂಗ್ಡಿಯವ್ರ್ ತಪ್ಪಿ ಕೊಟ್ರ್ ಅಂತ್. ತಿರ್ಗಿ ಕೊಡುಕ್ ಹೋತಿಲ್ಲೆ, ಹಾಕ್ಕೊ ಅಂತ್."

"ಇನ್ನೊಂದ್ ಜೊತೆ ಎಲ್ಲಿತ್ತ್?"

ಬಾಗಿ ಜಗಲಿಯ ಮೂಲೆಯಲ್ಲಿ ತನ್ನ ಮಣೆಯ ಮೇಲೆ ಕೂತು ಸಮುದ್ರದ ಕಡೆ ನೋಡತೊಡಗಿದಳು. ಅಲ್ಲಿಂದ ಸಮುದ್ರ ಕಾಣುತ್ತಿರಲಿಲ್ಲ.

"ಒಳ್ಗ್ ಬನಿ ಮೇಡಂ," ಎಂದಳು ಪೂಜಿತಾ. "ಚಾ ಮಾಡ್ತೆ."

*

ಒಳಗೆ ಒಂದು ಕೋಣೆ, ಅದರ ಹಿಂದೆ ಅಡಿಗೆ ಮನೆ. ಗೋಡೆಯಲ್ಲಿ ಗುಲಾಬಿಯ ಫೋಟೋ ಇನ್ನೂ ಬಂದಿರಲಿಲ್ಲ. ಮೊಳೆ ಮಾತ್ರ ಹೊಡೆದಿತ್ತು. ಮೂಲೆಯ ಕುರ್ಚಿಯ ಮೇಲೆ ಮದುವೆಯ ಕಾಗದಗಳ ಕಟ್ಟು, ಅರಸಿನ ಹಚ್ಚಿದ ಅಂಚು, ಹಂಚದೆ ಉಳಿದವು. ನಾವುಂದದ ಸಚಿನ್ ಎಂಬವನ ಹೆಸರು, ಪಕ್ಕದಲ್ಲಿ ಪೂಜಿತಾಳ ಹೆಸರು.

"ಅಪ್ಪ?"

"ನಾವುಂದಕ್ಕ್ ಹೋಯಿರ್. ಅವ್ರ ಮನಿಯವ್ರ್ ಹತ್ರ ಮಾತಾಡುಕ್." ಅಪ್ಪ ಕುಷ್ಟ ಬೊಂಬಾಯಿಯ ಕ್ಯಾಂಟೀನಿನಲ್ಲಿ ಇದ್ದವನು, ಸಾವಿಗೆ ಬಂದಿದ್ದ. "ಮದಿ ನಡೀತ್ತೋ ಇಲ್ಯೋ ಕೇಂಡ್ ಬತ್ರ್."

ಅವಳು ಎರಡು ಲೋಟ ತಂದಿಟ್ಟಳು. ಕಪ್ಪು ಚಹಾ.

"ಹಾಲಿಲ್ಲೆ ಮೇಡಂ. ಅಮ್ಮ ಹಾಲ್ ತಕಂಬುದ್ ಬಿಟ್ಟ್ ಸುಮಾರ್ ದಿನ ಆಯ್ತ್."

ಹಾಲು ಬೇಡ, ಎಲೆ ಬೇಡ, ಬಿಸಿಲು ಬೇಡ.

ಶರ್ಮಿಳಾಗೆ ಡಾಕ್ಟರ್ ಉಮಾನಾಥರ ನೆನಪಾಯಿತು. ಬ್ರಹ್ಮಾವರದ ತಮ್ಮ ಪ್ರಯೋಗಾಲಯದ ಕರಿಹಲಗೆಯ ಮೇಲೆ ಅವರು ಒಂದು ಉದ್ದನೆಯ ಹುಳ ಬರೆದು, ಅದರ ಹೊಟ್ಟೆಯೊಳಗೆ ಚುಕ್ಕಿಗಳನ್ನು ಇಟ್ಟಿದ್ದರು. ಸೊಳ್ಳೆಯಿಂದ ಬಂದ ಈ ಹುಳವನ್ನು ನೇರವಾಗಿ ಕೊಲ್ಲುವುದು ಕಷ್ಟ, ಎಂದಿದ್ದರು. ಆದರೆ ಅದರೊಳಗೆ ಒಂದು ಬ್ಯಾಕ್ಟೀರಿಯಾ ಬದುಕುತ್ತದೆ. ಇವೆರಡೂ ಒಂದನ್ನೊಂದು ಬಿಟ್ಟು ಇರಲಾರವು. ಆಂಟಿಬಯಾಟಿಕ್ ಕೊಟ್ಟು ಒಳಗಿನದನ್ನು ಕೊಂದರೆ ಹೊರಗಿನದು ಬಂಜೆಯಾಗುತ್ತದೆ, ಸೊರಗುತ್ತದೆ. ಆದರೆ ಅದಕ್ಕೆ ವಾರಗಟ್ಟಲೆ ಬೇಕು. ಜನ ನಡುವೆ ಬಿಟ್ಟುಬಿಡುತ್ತಾರೆ. ಅದಕ್ಕೇ ಮಾತ್ರೆಯ ಜೊತೆಗೆ, ಬೇರೆಯಾಗಿ, ಲಕ್ಕಿ ಸೊಪ್ಪಿನಿಂದ ತೆಗೆದ ಸತ್ವದ ಪುಡಿ. ಎರಡೂ ಸೇರಿದರೆ ಅರ್ಧ ಸಮಯ ಸಾಕಾಗಬಹುದು ಎಂಬುದು ಅವರ ಆಸೆ.

ಚಿತ್ರ ಒರೆಸುತ್ತಾ ಅವರು ಇನ್ನೊಂದು ಮಾತು ಹೇಳಿದ್ದರು. ಗುಲಾಬಿ ಮೊದಲಿನಿಂದ ಆ ಮಾತ್ರೆ ತಿಂದಿದ್ದರೆ ಕಾಲಿನ ಸೋಂಕು ಬಹುಶಃ ಏಳುತ್ತಲೇ ಇರಲಿಲ್ಲ. ಅದು ಹುಳಕ್ಕಷ್ಟೇ ಅಲ್ಲ, ಇಂಥ ಸೋಂಕಿಗೂ ತಡೆ.

"ಪೂಜಿತಾ, ನಿಂಗೆ ಅಮ್ಮ ದಿನಾ ಒಂದ್ ಮಾತ್ರಿ ಕೊಡ್ತಾ ಇತ್ತ್ ಅಲ್ದಾ?"

ಹುಡುಗಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಾನೇ ನಿಮ್ಮಲ್ಲಿಗ್ ಬತ್ತೆ ಅಂದ್ಕಂಡಿದ್ದೆ ಮೇಡಂ. ಬೊಜ್ಜ ಮುಗೀಲಿ ಅಂದೇಳಿ ಕಾದೆ."

"ಎಂತಕ್ಕೆ?"

"ರತೀಶಣ್ಣ ಎಂತದೂ ಮಾಡ್ಲಿಲ್ಲೆ. ಅವ್ರನ್ ಬಿಡಿ." ಅವಳು ಚಹಾದೊಳಗೆ ನೋಡುತ್ತಾ ಹೇಳಿದಳು. "ಅಮ್ಮನ್ ಕೊಂದದ್ ನಾನ್."

ಹೊರಗೆ ಜೀಪಿನಲ್ಲಿ ಹೆಡ್ ಕಾನ್‌ಸ್ಟೆಬಲ್ ಚಂದಯ್ಯ ರೇಡಿಯೋ ತಿರುಗಿಸುತ್ತಿದ್ದದ್ದು ಕೇಳಿಸಿತು. ಯಾವುದೋ ಹಾಡು ಬಂದು ಹೋಯಿತು.

"ಸಮಾ ಹೇಳ್."

"ಮಾತ್ರಿ ಎಂತಕ್ ಅಂತ ನಂಗ್ ಗೊತ್ತಿರ್ಲಿಲ್ಲೆ. ನಿಂಗ್ ರಕ್ತ ಕಮ್ಮಿ ಇತ್ತ್, ಮದಿಗ್ ಮುಂಚೆ ಮೈಗ್ ರಕ್ತ ಬರ್ಕ್ ಅಂತ್ ಅಮ್ಮ. ಊಟ ಆದ್ ಕೂಡ್ಲೆ ಎದ್ರಿಗ್ ನಿಂತ್ಕಂಡ್ ನುಂಗ್ಸ್ತಾ ಇತ್ತ್. ಸೊಪ್ಪಿನ್ ಪುಡಿ ಮಾತ್ರ ತಾನ್ ತಿಂತಿತ್ತ್, ಮುಖ ಕಿವ್ಚ್‌ಕಂಡ್."

"ರಾತ್ರಿ ರಕ್ತ ತೆಗೂಕ್ ಬಪ್ಪವ್ರ್ ನಿನ್ ರಕ್ತ ತೆಗೀಲಿಲ್ಯಾ?" ಹುಳದ ಮರಿಗಳು ರಕ್ತಕ್ಕೆ ಇಳಿಯುವುದು ರಾತ್ರಿ, ಆರೋಗ್ಯ ಇಲಾಖೆಯವರು ಊರಿಗೆ ಬರುವುದೂ ಆ ಹೊತ್ತಿಗೇ.

"ಅವ್ರ್ ಬಪ್ಪ ದಿನ ಅಮ್ಮ ನನ್ನ ತ್ರಾಸಿ ಚಿಕ್ಕಮ್ಮನ ಮನಿಗ್ ಕಳ್ಸ್ತ್." ಅವಳು ನಕ್ಕಳು, ಅಥವಾ ನಗುವಿನಂಥದ್ದೇನೋ ಬಂದು ಹೋಯಿತು. "ನಂಗ್ ಅಲ್ಲಿ ಹೋಪುದ್ ಅಂದ್ರೆ ಖುಷಿ. ಚಿಕ್ಕಮ್ಮ ಕೋಳಿ ಮಾಡ್ತ್."

ರಕ್ತದ ಹನಿ ಸವರಿ ಹೆಸರು ಹಚ್ಚಿದ ಒಂದು ಗಾಜಿನ ತುಂಡು ಸಾಕು. ಕೋಡಿಯಲ್ಲಿ ಯಾರ ಗಾಜಿನಲ್ಲಿ ಹುಳ ಕಂಡಿತು ಎಂಬುದು ಮಾರನೆ ದಿನ ಮೀನಿನ ಬುಟ್ಟಿಯ ಜೊತೆ ಊರಿಂದೂರಿಗೆ ಹೋಗುತ್ತದೆ, ನಾವುಂದದ ತನಕ. ಅದು ಗುಲಾಬಿಗೆ ಗೊತ್ತಿರದೆ ಮತ್ತೆ ಯಾರಿಗೆ ಗೊತ್ತಿರಬೇಕು. ಸುದ್ದಿಯನ್ನು ಹೊತ್ತು ಹೋಗುವವರಲ್ಲಿ ಅವಳೂ ಒಬ್ಬಳಾಗಿದ್ದಳು.

"ಆಮೇಲೆ ಅಮ್ಮನಿಗೆ ಜ್ವರ ಬಂತ್. ನಡ್ಗುದ್ ಅಂದ್ರೆ ಹೊದ್ಸಿದ್ದೆಲ್ಲ ಕೆಳ್ಗ್ ಬೀಳ್ತಿತ್ತ್. ಕಾಲ್ ಕೆಂಪಾಯ್ತ್, ಮುಟ್ರೆ ಕೂಗ್ತಿತ್ತ್. ಆಸ್ಪತ್ರಿಗ್ ಹೋಪ ಅಂದ್ರೆ ಬೇಡ ಅಂತ್. ಇದ್ ವರ್ಷಕ್ ಎರಡ್ ಸಲ ಬಪ್ದೇ, ಹೋತ್ತ್ ಅಂತ್. ಬಾಗಿ ದೊಡ್ಡಮ್ಮ ಕಾಂಬುಕ್ ಬಂದಿತ್ತ್. ಮಾತ್ರಿ ತಿಂಬು ಹೊತ್ತಾಯ್ತ್ ಅಂದೇಳಿ ಇಲ್ಲೇ ಚೀಲದಿಂದ ತೆಗ್ದ್ ನುಂಗ್ತ್. ನಾ ಕಂಡೆ. ಅದೇ ಮಾತ್ರಿ. ನಾ ದಿನಾ ತಿಂಬುದ್."

ಅವಳು ಲೋಟ ಕೆಳಗಿಟ್ಟಳು.

"ಆಗ ಗೊತ್ತಾಯ್ತ್."

"ಎಂತ?"

ಪೂಜಿತಾ ಎಡಗಾಲನ್ನು ಮುಂದೆ ಚಾಚಿದಳು. ಕಪ್ಪಾದ ಹೆಬ್ಬೆರಳಿನಿಂದ ಕಣಕಾಲಿನ ಮೇಲೆ ಒತ್ತಿದಳು, ತೆಗೆದಳು. ಅಲ್ಲಿ ಒಂದು ಗುಳಿ ಬಿತ್ತು. ಹಸಿ ಮಣ್ಣಿನ ಮೇಲೆ ಬೆರಳಿಟ್ಟ ಹಾಗೆ, ಗುಳಿ ಉಳಿಯಿತು. ಇಬ್ಬರೂ ಅದನ್ನು ನೋಡುತ್ತಾ ಕೂತರು.

"ಸಂಜಿಗ್ ಎಡದ್ ಚಪ್ಲಿ ಬಿಗಿ ಆತ್ತ್," ಎಂದಳು. "ಅಮ್ಮನದ್ದೂ ಹೀಂಗೆ ಶುರು ಆದ್ದ್ ಅಂಬ್ರ್. ಅದ್ಕ್ ಗೊತ್ತಿತ್ತ್. ನಂಗಿಂತ ಮುಂಚೆ ಅದ್ಕ್ ಗೊತ್ತಾಯ್ತ್."

ಗುಳಿ ನಿಧಾನಕ್ಕೆ ತುಂಬಿಕೊಂಡಿತು.

"ಆಮೇಲೆ ಎಂತ ಮಾಡ್ದೆ?"

"ನಾ ತಿಂಬುದಿಲ್ಲೆ ಅಂದೆ. ಇದ್ ನಿಂದ್, ನೀನ್ ತಿನ್ ಅಂದೆ. ಜಗಳ ಮಾಡ್ತ್. ಅಷ್ಟ್ ಜ್ವರದಗೂ ನನ್ ಕೈಗ್ ಹೊಡೀತ್. ಕಡಿಗ್ ನಾನೇ ಗಲ್ಲ ಹಿಡ್ದ್ ಬಾಯಿಗ್ ಹಾಕಿ ಗಂಜಿ ನೀರ್ ಕುಡ್ಸಿದೆ. ಮೂರ್ ದಿನ. ನುಂಗ್ ಅಮ್ಮ ಅಂದೆ. ನುಂಗ್ದೆ ಅಂತ್. ಬಾಯಿ ತೆಗಿ ಅಂದೆ. ತೆಗ್ದ್ ತೋರ್ಸ್ತ್ ಮೇಡಂ. ನಾಲ್ಗಿ ಎತ್ತಿ ತೋರ್ಸ್ತ್, ಸಣ್ಣ ಮಕ್ಳ್ ಹಾಂಗ್. ಕಾಣ್, ಇಲ್ಲೆ, ಎಲ್ಲ ಹೋಯ್ತ್ ಅಂತ್."

ಅವಳು ಲೋಟವನ್ನು ಪಕ್ಕಕ್ಕೆ ಸರಿಸಿದಳು. ಮುಂದಿನ ಮಾತು ಬೇರೆಯದೇ ಯಾರದೋ ದನಿಯಂತಿತ್ತು.

"ಎಲ್ಲರೂ ಅಂತ್ರ್, ಮಾತ್ರಿ ತಿಂದೇ ಸತ್ತದ್ದ್ ಅಂದೇಳಿ. ಅಷ್ಟ್ ದಿನ ಅಮ್ಮ ತಿಂದಿರ್ಲಿಲ್ಲೆ. ಚೆಂದ ಇತ್ತ್. ನಾ ಮೂರ್ ಮಾತ್ರಿ ಹಾಕಿದೆ. ಸತ್ತ್ ಹೋಯ್ತ್. ಬರ್ಕಣಿ ಮೇಡಂ. ನಾ ಸಹಿ ಹಾಕ್ತೆ."

ಶರ್ಮಿಳಾಳ ಕೈ ಕಿಸೆಯ ಮೇಲಿತ್ತು.

ಇಂಥ ಹೊತ್ತಿಗೆ ಪೊಲೀಸರಿಗೆ ಸಂತೋಷವಾಗಬೇಕು. ತುಂಡುಗಳೆಲ್ಲ ಸೇರಿದವು. ಹುಡುಗಿಯ ಈ ಮಾತು, ಲಕೋಟೆಯ ಹಳದಿ ಪುಡಿ, ಎರಡು ಅಳತೆಯ ಚಪ್ಪಲಿ ಇದ್ದರೆ ರತೀಶ್ ನಾಳೆ ಮನೆಗೆ ಹೋಗುತ್ತಾನೆ, ಅವನ ಹೆಂಡತಿ ಟಿಫಿನ್ ಡಬ್ಬಿಯನ್ನು ತಾನೇ ಬಿಚ್ಚುತ್ತಾಳೆ. ಅದೇ ಹೊತ್ತಿಗೆ ಕೋರ್ಟಿನ ಹೊರಗೆ ನಿಂತ ಯಾರೋ ಒಬ್ಬರು ಫೋನು ತೆಗೆದು ನಾವುಂದಕ್ಕೆ ಹೇಳುತ್ತಾರೆ: ಹುಡುಗಿಗೂ ಇದೆಯಂತೆ.

ಅದು ಒಂದು. ಅದಕ್ಕಿಂತ ಕೆಟ್ಟದ್ದು ಲಕೋಟೆಯೊಳಗಿತ್ತು.

ಅದನ್ನು ಕಿಸೆಯಲ್ಲೇ ಬಿಟ್ಟರೆ ಈ ಹುಡುಗಿ ತಾನೇ ತಾಯಿಯನ್ನು ಕೊಂದೆ ಎಂದು ನಂಬಿ ಬದುಕುತ್ತಾಳೆ. ಹೊರಗೆ ತೆಗೆದರೆ, ಇಲ್ಲ, ನೀನು ಕೊಟ್ಟದ್ದನ್ನು ಅವಳು ನುಂಗಲೇ ಇಲ್ಲ ಎಂದು ಹೇಳಿದಂತೆ. ದವಡೆಯಲ್ಲಿ ಅಡಗಿಸಿ, ನಾಲಗೆ ಎತ್ತಿ ತೋರಿಸಿ, ನೀನು ಆಚೆ ತಿರುಗಿದ ಮೇಲೆ ಉಗಿದು, ಒಣಗಿಸಿ, ನಿನಗೆಂದೇ ತೆಗೆದಿಟ್ಟಳು ಎಂದು ಹೇಳಿದಂತೆ. ಒಂದು ಸುಳ್ಳು ಭಾರ ಇಳಿಸಿ ಅದರ ಜಾಗದಲ್ಲಿ ನಿಜವಾದದ್ದನ್ನು ಹೊರಿಸುವುದು.

ಶರ್ಮಿಳಾ ಲಕೋಟೆ ತೆಗೆದಳು. ಯಾಕೆ ಎಂದು ಆಮೇಲೆ ಅವಳಿಗೆ ಎಷ್ಟೋ ಸಲ ಅನ್ನಿಸಿತು. ರತೀಶನಿಗಾಗಿ ಎಂದು ಕೆಲವು ದಿನ ಹೇಳಿಕೊಂಡಳು.

"ಕಾಣ್," ಎಂದು ಅಂಗೈಯ ಮೇಲೆ ಸುರಿದಳು. "ನೀ ಕೊಂದದ್ ಅಲ್ಲ. ಅಮ್ಮ ನುಂಗ್ಲಿಲ್ಲೆ."

ಪೂಜಿತಾ ನೋಡಿದಳು. ಮುಟ್ಟಲಿಲ್ಲ. ಅಂಟಿಕೊಂಡ ಮೂರು ಮಾತ್ರೆ, ಸೊಟ್ಟ, ಕೆಂಪು ಕಲೆ. ಅರ್ಥವಾಗಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅರ್ಥವಾಗುವುದು ಮುಖದ ಮೇಲೆ ಕಾಣುತ್ತದೆ; ಶರ್ಮಿಳಾ ಮುಖ ತಿರುಗಿಸಿಕೊಂಡಳು.

"ನಂಗಂದೇಳಿ ಇಟ್ಟದ್ದ್," ಎಂದಳು ಪೂಜಿತಾ.

"ಹೂಂ."

"ನುಂಗಿದ್ರೆ ಬದ್ಕ್‌ತಿತ್ತಾ?"

"ಗೊತ್ತಿಲ್ಲೆ."

"ಡಾಕ್ಟ್ರಿಗ್ ಗೊತ್ತಿಲ್ಯಾ?"

"ಅವ್ರಿಗೂ ಗೊತ್ತಿಲ್ಲೆ. ಮೂರ್ ಮಾತ್ರಿಗೆ ಹೇಳುಕ್ ಆತಿಲ್ಲೆ."

ಅಷ್ಟು ದಿನದ ಉಳಿದ ಮಾತ್ರೆಗಳ ಬಗ್ಗೆ ಹುಡುಗಿ ಕೇಳಲಿಲ್ಲ. ಕೇಳಿದ್ದರೆ ಶರ್ಮಿಳಾ ಸುಳ್ಳು ಹೇಳಬೇಕಾಗುತ್ತಿತ್ತು.

ಪೂಜಿತಾ ಅಳಲಿಲ್ಲ. ಕೈ ಮುಂದೆ ಮಾಡಿ, ಒಂದು ಬೆರಳಿನಿಂದ, ಮಾತ್ರೆಗಳನ್ನು ಅಂಗೈಯ ಮೇಲೆ ಹೊರಳಿಸಿದಳು. ಮಲಗಿದ ಕೂಸನ್ನು ಎಬ್ಬಿಸದೆ ಮುಟ್ಟುವ ಹಾಗೆ.

"ಕೆಂಪ್ ಎಂತಕ್ಕೆ ಮೇಡಂ?"

"ಎಲಿ ಅಡ್ಕಿದ್. ಅಮ್ಮನ ಬಾಯಿದ್."

ಬೆರಳು ನಿಂತಿತು.

"ಅಮ್ಮ ಎಲಿ ಬಿಟ್ಟಿತ್ತ್."

"ಕದ್ದ್ ತಿಂತಿತ್ತೇನೋ. ಅಷ್ಟ್ ವರ್ಷದ ಅಭ್ಯಾಸ."

"ಇಲ್ಲೆ ಮೇಡಂ." ಹುಡುಗಿ ತಲೆ ಎತ್ತಿದಳು. "ಬಾಗಿ ದೊಡ್ಡಮ್ಮನೂ ಅಮ್ಮನೂ ಒಟ್ಟಿಗ್ ಹೋಯಿ ಎಲಿ ಪೆಟ್ಗಿನ ಹೊಳಿಗ್ ಬಿಸಾಡಿ ಬಂದಿರ್. ಮಾತ್ರಿ ತಿಂಬುದ್ ನಾನ್ ಆದ್ರೂ, ಎಲಿ ಬಿಡ್ದಿದ್ರೆ ಡಾಕ್ಟ್ರಿಗ್ ಸಂಶಯ ಬತ್ತ್ ಅಂದೇಳಿ ಅಮ್ಮ ಬಿಟ್ಟದ್ದ್, ಈಗ ಗೊತ್ತಾತ್ತ್. ಜ್ವರದಗೆ ಬಾಯಿ ಎಲ್ಲ ಹುಣ್ಣ್. ಉಪ್ಪ್ ತಾಗ್ರೆ ಕೂಗ್ತಿತ್ತ್. ಎಲಿ ಎಲ್ಲಿಂದ? ನಾಲ್ಗಿ ಎತ್ತಿ ತೋರ್ಸಿದಾಗ ನಾ ಕಂಡಿದ್ದೆ ಅಲ್ದಾ. ಬೆಳ್ಳಗಿತ್ತ್."

ಶರ್ಮಿಳಾ ಅಂಗೈಯನ್ನು ಹತ್ತಿರ ತಂದುಕೊಂಡಳು. ಕೆಂಪು ಮಾತ್ರೆಯ ಮೈ ತುಂಬ ಇರಲಿಲ್ಲ. ಬಾಯೊಳಗೆ ಇದ್ದದ್ದಾದರೆ ಸುತ್ತಲೂ ಹತ್ತಬೇಕು. ಇದು ಒಂದು ಬದಿಗೆ ಮಾತ್ರ, ಒತ್ತಿ ಹಿಡಿದ ಕಡೆ. ಬೆರಳಿನಿಂದ ಬಂದ ಕಲೆ.

"ಇದ್ ನಿಮ್ಗೆ ಎಲ್ಲ್ ಸಿಕ್ತ್?" ಎಂದಳು ಪೂಜಿತಾ.

"ಸೀರಿ ಸೆರ್ಗಲ್ಲಿ. ಗಂಟ್ ಕಟ್ಟಿತ್ತ್. ನೀಲಿ ಸೀರೆ."

"ಆ ಸೀರೆ ನಾನೇ ಉಡ್ಸಿದ್ ಮೇಡಂ. ಆಸ್ಪತ್ರಿಗ್ ಹೊರ್ಡುವತಿಗೆ. ಹಗ್ಗದಿಂದ ತೆಗ್ದ್, ಕೊಡ್ಕಿ, ಉಡ್ಸಿದೆ. ಅಮ್ಮನಿಗ್ ಸ್ಮೃತಿ ಇರ್ಲಿಲ್ಲೆ ಆಗ. ಕೈ ಎತ್ತುಕ್ ಆತಿರ್ಲಿಲ್ಲೆ." ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. "ಸೆರ್ಗಲ್ಲಿ ಗಂಟ್ ಇರ್ಲಿಲ್ಲೆ."

"ಆಟೋದಲ್ಲಿ ಅಮ್ಮನ ಒಟ್ಟಿಗೆ ಕೂತದ್ದ್ ಯಾರ್?"

ಕೇಳುವಾಗಲೇ ಶರ್ಮಿಳಾಗೆ ಉತ್ತರ ಗೊತ್ತಿತ್ತು.

"ಆ ಕಾಲಿಗೆ ಹಿಂದೆ ಜಾಗ ಸಾಕಾಯ್ಲಿಲ್ಲೆ. ನಾ ಮುಂದೆ ಡ್ರೈವರ್ ಹತ್ರ ಕೂಕಂಡೆ," ಎಂದಳು ಪೂಜಿತಾ. "ಹಿಂದೆ ಬಾಗಿ ದೊಡ್ಡಮ್ಮ. ಅಮ್ಮನ ತಲಿ ಮಡ್ಲಗ್ ಇಟ್ಕಂಡಿತ್ತ್."

ಅಂದರೆ ಕೆಂಪು ಹತ್ತಿಸಿದ ಬೆರಳು ಬಾಗಿಯದು, ಆ ಹೆಂಗಸಿಗೆ ಎಲ್ಲ ಗೊತ್ತಿತ್ತು. ಗುಲಾಬಿ ಯಾರಿಗಾಗಿ ಮಾತ್ರೆ ಉಳಿಸಿದಳು, ಯಾರು ತಿಂದರು, ಯಾರು ತಿನ್ನಲಿಲ್ಲ ಎಂಬುದೆಲ್ಲ. ಮೂರು ಮಾತ್ರೆಗಳನ್ನು ಗುಲಾಬಿ ಅವಳ ಕೈಗೇ ಕೊಟ್ಟಿರಬೇಕು, ಎಚ್ಚರ ಇದ್ದಾಗ, ಹುಡುಗಿಗೆ ಕೊಡು ಎಂದು. ಅವಳು ಅದನ್ನು ಹುಡುಗಿಗೆ ಕೊಡದೆ ಸಾಯುತ್ತಿರುವವಳ ಸೆರಗಿಗೇ ಕಟ್ಟಿ ಕಳುಹಿಸಿದಳು. ಆಮೇಲೆ ರತೀಶ್ ಲಾಕಪ್ಪಿಗೆ ಹೋಗುವುದನ್ನು ನೋಡುತ್ತಾ ಸುಮ್ಮನಿದ್ದಳು. ಇವತ್ತು ಬೆಳಕಿಗೆ ಬಂದು ಮೂಗು ತೋರಿಸಿದಳು, ಬಾಯಿ ತೆರೆದು ತೋರಿಸಿದಳು.

ಯಾಕೆ? ಗೆಳತಿಯ ಗುಟ್ಟನ್ನು ತಾನು ಬಾಯಿಬಿಡಲಾರದೆ, ಮಾತ್ರೆಗಳೇ ಹೇಳಲಿ ಎಂದೇ?

ಶರ್ಮಿಳಾ ಎದ್ದು ಬಾಗಿಲಿಗೆ ಬಂದಳು.

ಜಗಲಿ ಖಾಲಿಯಾಗಿತ್ತು. ಮೂಲೆಯಲ್ಲಿ ಮಣೆ ಮಾತ್ರ. ಅಂಗಳದ ಮರಳಿನಲ್ಲಿ ಒಂದು ಪಾದದ ಗುರುತು, ಪಕ್ಕದಲ್ಲಿ ಎಳೆದ ಗೆರೆ. ಮತ್ತೆ ಪಾದ, ಮತ್ತೆ ಗೆರೆ. ಅದು ಚಂದಯ್ಯ ಕೂತಿದ್ದ ರಸ್ತೆಯ ಕಡೆಗೆ ಹೋಗಿರಲಿಲ್ಲ, ಬಾಗಿಯ ಮನೆಯ ಕಡೆಗೂ ಅಲ್ಲ. ಹಿಂದಿನಿಂದ ಸುತ್ತಿ, ತೆಂಗಿನ ಮರಗಳ ಆಚೆ, ಹೊಳೆ ಸಮುದ್ರಕ್ಕೆ ಬೀಳುವ ಕಡೆಗೆ ಹೋಗಿತ್ತು.

"ಚಂದಯ್ಯ!"

ಮೆಟ್ಟಿಲು ಇಳಿಯಲು ಅವಳು ದಾರಂದಕ್ಕೆ ಕೈ ಕೊಟ್ಟಳು. ಏನೋ ತಣ್ಣಗೆ ತಾಗಿತು. ಅಂಗೈ ನೋಡಿಕೊಂಡಳು: ಬಿಳಿ. ಗುಲಾಬಿಯ ಒಣಗಿದ ಗೆರೆಗಳ ಮೇಲೆ, ಅದೇ ಎತ್ತರದಲ್ಲಿ, ಒಂದು ಹೊಸ ಗೆರೆ, ಈಗಷ್ಟೇ ಒರೆಸಿದ್ದು. ಬಾಗಿ ಇಷ್ಟು ಹೊತ್ತೂ ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡು, ಎಲೆಗೆ ಸುಣ್ಣ ಹಚ್ಚಿ, ಬೆರಳು ಒರೆಸಿ ಹೋಗಿದ್ದಳು.

ಶರ್ಮಿಳಾ ಆಗಲೇ ಮರಳಿಗೆ ಇಳಿದು ಓಡುತ್ತಿದ್ದಳು. ಆದ್ದರಿಂದ ಹಿಂದೆ ಹೊಸ್ತಿಲಿಗೆ ಬಂದು ನಿಂತ ಪೂಜಿತಾಳ ಮುಖ ಅವಳಿಗೆ ಕಾಣಲಿಲ್ಲ. ದಾರಂದದ ಹಸಿ ಸುಣ್ಣವನ್ನು ಹುಡುಗಿ ಬೆರಳಿನಿಂದ ಮುಟ್ಟಿದ್ದೂ, ಆ ಬೆರಳನ್ನು ಮೂಗಿನ ಹತ್ತಿರ ತಂದದ್ದೂ ಕಾಣಲಿಲ್ಲ. ದನಿ ಮಾತ್ರ ಕೇಳಿಸಿತು. ಹೊರಗೆ ಕೂಗಿದ್ದಲ್ಲ ಅದು. ಮನೆಯ ಒಳಗೆ ತಿರುಗಿ, ಅಡಿಗೆ ಮನೆಯ ಕಡೆಗೆ, ಅಮ್ಮ ಬೆರಳು ಒರೆಸಿ ಒಳಗೆ ಬಂದಾಗ ದಿನವೂ ಕರೆಯುವಷ್ಟೇ ಮೆಲ್ಲಗೆ ಕರೆದದ್ದು.

"ಅಮ್ಮಾ... ಬಂದ್ಯಾ?"